ಊರೂರು ಅಲೆದು ಇತಿಹಾಸ ಉಳಿಸಿದವರು

ಉದ್ಯೋಗನಿಮಿತ್ತವಾಗಿ ಸದಾ ಸಂಚರಿಸುವವರಿಗೆ ಎರಡು ಆತಂಕಗಳು ಸಹಜ. ಪ್ರಯಾಣದ ಗಡಿಬಿಡಿಯಲ್ಲಿ ಕೈಗೊಂಡ ಕಾರ್ಯ ಕುಂಠಿತವಾದೀತೆಂಬುದು ಒಂದು. ಕಾರ್ಯವನ್ನು ಒಪ್ಪಿಸಿದವರೊಡನೆ ಸಂಪರ್ಕ ಕಡಿದೀತೆಂಬುದು ಇನ್ನೊಂದು. ರೈಲು, ತಂತಿಗಳಿಲ್ಲದ ಕಾಲದಲ್ಲಿಯೇ ಈ ಎರಡನ್ನೂ ಗೆದ್ದವರಿದ್ದರು. ನಮ್ಮ ಹಳ್ಳಿಗಳ ಪೂರ್ವವೃತ್ತಾಂತದ ಗಣನೀಯ ಭಾಗ ಉಳಿದಿರುವುದು ಅಂಥವರ ಪರಿಶ್ರಮದಿಂದ ಎಂಬುದನ್ನು ವಾಚಕರು ಅರಿಯಬೇಕು.

1799ರಲ್ಲಿ ಶ್ರೀರಂಗಪಟ್ಟಣವು ಪತನವಾದ ತರುವಾಯ ಮೈಸೂರು ಸೀಮೆಯ ಮೋಜಣಿಯ ಹೊಣೆ ಕಾಲಿನ್ ಮೆಕೆಂಜಿ ಎಂಬ ಸೇನಾ ಇಂಜಿನಿಯರನಿಗೆ ಬಂದಿತು. ನೆಲವನ್ನು ಅಳೆಯುವುದರೊಡನೆ ಆ ನೆಲದ ಶಾಸನ, ಹಸ್ತಪ್ರತಿ, ಐತಿಹ್ಯಗಳನ್ನೂ ಸಂಗ್ರಹಿಸಬೇಕೆಂಬುದು ಆತನ ಹಂಬಲ. ಆದರೆ ದೇಶಭಾಷೆಗಳು ಆತನಿಗೆ ತಿಳಿಯವು. ಈ ಕೊರತೆಯನ್ನು ನೀಗಿಸಿದವನು ಕಾವಲಿ ವೆಂಕಟ ಬೋರಯ್ಯನೆಂಬ ತೆಲುಗು ತರುಣ. ತಾನು ಭಾರತೀಯ ವಿದ್ಯೆಯ ದ್ವಾರವನ್ನು ಪ್ರವೇಶಿಸಿದ್ದು ಅವನ ಮೂಲಕವೇ ಎಂದು ಮೆಕೆಂಜಿ 1817ರ ಪತ್ರವೊಂದರಲ್ಲಿ ಮುಕ್ತಮನಸ್ಸಿನಿಂದ ಸ್ಮರಿಸಿದ್ದಾನೆ. 1803ರಲ್ಲಿ ಬೋರಯ್ಯನು ಅಕಾಲಮರಣಕ್ಕೆ ತುತ್ತಾದಾಗ ತಮ್ಮನಾದ ಲಕ್ಷ್ಮಯ್ಯನು ಆ ಭಾರವನ್ನು ಹೊತ್ತನು.

ಅವರ ಕಾರ್ಯವಿಧಾನವು ಗಮನಾರ್ಹವಾದುದು. ಸಹಾಯಕರು ಒಬ್ಬೊಬ್ಬರಾಗಿ ಬೇರೆ ಬೇರೆ ಸೀಮೆಗಳಿಗೆ ಹೊರಡುತ್ತಿದ್ದರು. ಶಾನುಭೋಗರ ಕಡತ, ದೇವಾಲಯದ ಶಾಸನ, ವೃದ್ಧರ ನೆನಪು ಇವೇ ಅವರ ಆಕರಗಳು. ಹೊಸ ಸರಕಾರದ ಆಳುಗಳೆಂಬ ಸಂಶಯದಿಂದ ಜನರು ಕಾಗದಪತ್ರಗಳನ್ನು ತೋರಿಸಲು ಹಿಂಜರಿದದ್ದೂ ಉಂಟು. ಸಂಶಯವನ್ನು ಸೌಜನ್ಯದಿಂದಲೇ ಕಳೆಯಬೇಕಾಗುತ್ತಿತ್ತು. ಯಾವ ದಿನ ಯಾವ ಊರಿಗೆ ಹೋದೆವು, ಯಾರನ್ನು ಕಂಡೆವು, ಏನನ್ನು ನಕಲು ಮಾಡಿಕೊಂಡೆವು, ಏನು ದೊರೆಯಲಿಲ್ಲ ಎಂಬುದನ್ನೆಲ್ಲ ಬರೆದು ತಿಂಗಳ ವರದಿಯಾಗಿ ಕಳುಹಿಸುತ್ತಿದ್ದರು. ಹೀಗೆ ದೂರವಿದ್ದರೂ ಅವರ ಕಾರ್ಯ ಒಂದೇ ಸೂತ್ರದಲ್ಲಿ ಪೋಣಿಸಿದಂತಿತ್ತು.

ಈ ಸೂತ್ರದ ಬಲ ಪರೀಕ್ಷೆಗೊಳಗಾದದ್ದು 1811ರಲ್ಲಿ. ಮೆಕೆಂಜಿ ಸೈನ್ಯದೊಡನೆ ಜಾವಾ ದ್ವೀಪಕ್ಕೆ ತೆರಳಿ ಸುಮಾರು ಎರಡು ವರ್ಷ ಅಲ್ಲಿಯೇ ಉಳಿದನು. ಒಡೆಯನು ಕಡಲಾಚೆಯಿದ್ದರೂ ಇಲ್ಲಿ ಸಂಗ್ರಹಕಾರ್ಯ ನಿಲ್ಲಲಿಲ್ಲ. ವ್ಯಕ್ತಿಯ ಕಣ್ಣಿನ ಕಾವಲಿಗಿಂತ ನಿಯಮದ ಅಭ್ಯಾಸವೇ ದೊಡ್ಡದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕೆ?

1821ರಲ್ಲಿ ಮೆಕೆಂಜಿ ತೀರಿಕೊಂಡನು. 1828ರಲ್ಲಿ ಎಚ್. ಎಚ್. ವಿಲ್ಸನ್ ಪ್ರಕಟಿಸಿದ ಸೂಚಿಯಂತೆ ಆ ಸಂಗ್ರಹದಲ್ಲಿ 8,076 ಶಾಸನಗಳ ಪ್ರತಿಗಳಿದ್ದವು. ಮುಂದೆ ಡಾ. ಎಂ. ಎಂ. ಕಲಬುರ್ಗಿಯವರು ಸಂಪಾದಿಸಿದ ‘ಕರ್ನಾಟಕದ ಕೈಫಿಯತ್ತುಗಳು’ ಗ್ರಂಥದಿಂದ ಅದರ ಕನ್ನಡ ಭಾಗ ನಮ್ಮವರ ಕೈಸೇರಿತು. ಬರೆದಿಟ್ಟ ವಿಷಯಗಳೆಲ್ಲವೂ ಇತಿಹಾಸವಲ್ಲ, ನಿಜ. ಐತಿಹ್ಯವೂ ಅದರಲ್ಲಿ ಬೆರೆತಿದೆ. ಆದರೆ ಬರೆದಿಡದೆ ಇದ್ದಿದ್ದರೆ ಶೋಧಿಸುವುದಕ್ಕೆ ನಮಗೆ ಏನು ಉಳಿಯುತ್ತಿತ್ತು?

ಸಂಗ್ರಹಕ್ಕೆ ಮೆಕೆಂಜಿಯ ಹೆಸರು ನಿಂತಿತು. ಅಲೆದವರಲ್ಲಿ ಅನೇಕರ ಹೆಸರು ಮಸುಕಾಯಿತು. ಅವರನ್ನು ನೆನೆಯುವುದು ನಮ್ಮ ಋಣ. ಇಂದು ಸಂಪರ್ಕಸಾಧನಗಳು ಅಂಗೈಯಲ್ಲಿವೆ. ಆದರೂ ಅಂದಿನ ಕೆಲಸವನ್ನು ಅಂದೇ ಬರೆದಿಡುವ, ಕಂಡದ್ದನ್ನು ಕಂಡಂತೆ ತಿಳಿಸುವ, ಮಾಹಿತಿ ಕೊಟ್ಟವರ ಹೆಸರನ್ನು ಮರೆಯದಿರುವ ಶಿಸ್ತನ್ನು ಯಾವ ಸಾಧನವೂ ತಾನಾಗಿ ಕೊಡಲಾರದು. ಸಂಚಾರಕ್ಕೆ ಹೊರಡುವ ಪ್ರತಿಯೊಬ್ಬರೂ ಅದನ್ನು ತಮ್ಮೊಡನೆ ಕೊಂಡೊಯ್ಯಲಿ.