ಹಿಂದಿನ ಶಿಲ್ಕು, ಮುಂದಿನ ಸಾಲು

ಅಂಗಡಿಯ ಲೆಕ್ಕದ ಪುಸ್ತಕದಲ್ಲಿ ದಿನದ ಮೊದಲ ಸಾಲು ‘ಹಿಂದಿನ ಶಿಲ್ಕು’. ನಿನ್ನೆ ಪೆಟ್ಟಿಗೆಯಲ್ಲಿ ಉಳಿದ ಹಣ ಬೆಳಗಾದರೂ ಅಷ್ಟೇ ಇರುತ್ತದೆ. ಅದನ್ನು ಹೊಸ ಪುಟಕ್ಕೆ ಒಯ್ಯುವುದರಲ್ಲಿ ತಪ್ಪಿಲ್ಲ. ಸಂಖ್ಯಾಶಾಸ್ತ್ರದ ಪ್ರೋಗ್ರಾಮಿಂಗ್‌ನಲ್ಲಿ ಖಾಲಿ ಬಿದ್ದ ಮನೆಗಳನ್ನು ತುಂಬುವ ಅತಿ ಸುಲಭದ ದಾರಿಯೂ ಇದೇ: ಕೊನೆಗೆ ಸಿಕ್ಕ ಅಳತೆಯನ್ನೇ ಮುಂದಿನ ಖಾಲಿ ಸಾಲಿಗೆ ಇಳಿಸುವುದು. ಔಷಧ ಪ್ರಯೋಗಗಳ ದತ್ತಾಂಶ ನೋಡುವವರು ಇದನ್ನು ‘ಎಲ್‌ಒಸಿಎಫ್’ (ಲಾಸ್ಟ್ ಅಬ್ಸರ್ವೇಶನ್ ಕ್ಯಾರೀಡ್ ಫಾರ್ವರ್ಡ್) ಎನ್ನುತ್ತಾರೆ. ಆದರೆ ರೋಗಿಯ ರಕ್ತದೊತ್ತಡ ಪೆಟ್ಟಿಗೆಯ ಹಣದಂತೆ ಇದ್ದಲ್ಲೇ ಇರುವುದಿಲ್ಲ. ಇಷ್ಟು ಸರಳ ಸಂಗತಿ ರೂಢಿಯನ್ನು ಬದಲಿಸಲು ಹಲವು ದಶಕಗಳೇ ಬೇಕಾದವು.

ಈ ಉಪಾಯಕ್ಕೆ ಪಂಚ್ ಕಾರ್ಡಿನ ಕಾಲದ ಒಬ್ಬ ನೆಂಟನಿದ್ದಾನೆ. ಅಮೆರಿಕದ ಜನಗಣತಿ ಬ್ಯೂರೋದ ಸಮೀಕ್ಷೆಗಳಲ್ಲಿ ಯಾರಾದರೂ ಒಂದು ಪ್ರಶ್ನೆಗೆ ಉತ್ತರಿಸದಿದ್ದರೆ, ವಯಸ್ಸು, ಲಿಂಗ ಮುಂತಾದವುಗಳಲ್ಲಿ ಅವರನ್ನೇ ಹೋಲುವ, ಆಗಷ್ಟೇ ಯಂತ್ರದಲ್ಲಿ ಹಾದುಹೋದ ಇನ್ನೊಬ್ಬರ ಕಾರ್ಡಿನ ಉತ್ತರವನ್ನು ತುಂಬುತ್ತಿದ್ದರು. ಇದಕ್ಕೆ ‘ಹಾಟ್ ಡೆಕ್’ ಎಂಬ ಹೆಸರು ಬಿತ್ತು. ಯಂತ್ರ ಸಾಲುಸಾಲಾಗಿ ಓದುತ್ತದೆ, ಕೊನೆಯ ಬೆಲೆಯೊಂದನ್ನು ನೆನಪಿಟ್ಟುಕೊಂಡರೆ ಸಾಕು; ಅಗ್ಗದ ಕೆಲಸ.

1976ರಲ್ಲಿ ಎರಡು ಘಟನೆಗಳು ನಡೆದವು. ಉತ್ತರ ಕೆರೊಲಿನಾದಲ್ಲಿ ಸಂಖ್ಯಾಶಾಸ್ತ್ರದ ತಂತ್ರಾಂಶ ತಯಾರಿಸುವ ‘ಸ್ಯಾಸ್’ ಸಂಸ್ಥೆ ಸ್ಥಾಪನೆಯಾಯಿತು. ‘ಬಯೋಮೆಟ್ರಿಕಾ’ ಪತ್ರಿಕೆಯಲ್ಲಿ ಸಂಖ್ಯಾಶಾಸ್ತ್ರಜ್ಞ ಡೊನಾಲ್ಡ್ ರೂಬಿನ್ ಅವರ, ಕಾಣೆಯಾದ ದತ್ತಾಂಶದ ಬಗೆಗಿನ ಲೇಖನ ಪ್ರಕಟವಾಯಿತು. ಒಂದು ತುಂಬುವ ಕೈಗೆ ಸಲಕರಣೆ ಕೊಟ್ಟಿತು, ಇನ್ನೊಂದು ಆ ಮನೆ ಖಾಲಿ ಬಿದ್ದದ್ದೇಕೆ ಎಂದು ಕೇಳಿತು. ಬಹುಕಾಲ ಸಲಕರಣೆಯೇ ಮುಂದಿತ್ತು.

ಸ್ಯಾಸ್‌ನಲ್ಲಿ ಹೊಸ ಸಾಲು ಓದಿದಾಗಲೆಲ್ಲ ನಾವು ಸೃಷ್ಟಿಸಿದ ಚರಾಂಶ ಖಾಲಿಯಾಗುತ್ತದೆ. ‘ರಿಟೇನ್’ ಎಂದು ಬರೆದರೆ ಹಳೆಯ ಬೆಲೆ ಉಳಿಯುತ್ತದೆ. ಈ ಕೆಲಸ ಕಲಿಯುವವರೆಲ್ಲ ಒಮ್ಮೆ ಎಡವುವ ಜಾಗ ಇಲ್ಲಿದೆ: ಪ್ರತಿ ರೋಗಿಯ ಮೊದಲ ಸಾಲಿನಲ್ಲಿ ಆ ನೆನಪನ್ನು ಅಳಿಸದಿದ್ದರೆ ಒಬ್ಬರ ಕೊನೆಯ ಅಳತೆ ಮುಂದಿನವರ ಖಾತೆಗೆ ಜಾರುತ್ತದೆ. ಪ್ರೋಗ್ರಾಂ ನಿಲ್ಲುವುದಿಲ್ಲ, ಎಚ್ಚರಿಕೆ ಬರುವುದಿಲ್ಲ, ಕೋಷ್ಟಕ ಅಚ್ಚುಕಟ್ಟಾಗಿಯೇ ಕಾಣುತ್ತದೆ. ಮುಂದೆ ‘ಆರ್’ ಭಾಷೆಗೆ ‘ಝೂ’ ಪ್ಯಾಕೇಜು, ಪೈಥಾನ್‌ಗೆ ‘ಪಾಂಡಾಸ್’ ಬಂದವು. ಎಲ್ಲ ಕೆಲಸವೂ ಒಂದೇ ಪದಕ್ಕೆ ಇಳಿಯಿತು. ಪಾಂಡಾಸ್‌ನ ‘ಎಫ್‌ಫಿಲ್’ಗೆ ಎಷ್ಟು ಸಾಲು ಮಾತ್ರ ತುಂಬಬೇಕೆಂಬ ಮಿತಿ ಹಾಕಬಹುದು. ಹಾಕದಿದ್ದರೆ ಒಂದೇ ಅಳತೆ ಎಷ್ಟು ದೂರಕ್ಕಾದರೂ ಹರಿಯುತ್ತದೆ.

ಔಷಧ ಪ್ರಯೋಗಗಳಲ್ಲಿ ಹೀಗೆ ತುಂಬುವುದನ್ನು ಜಾಗರೂಕ ವಿಧಾನ ಎಂದೇ ನಂಬಿದ್ದರು. ಅರ್ಧಕ್ಕೆ ಬಿಟ್ಟುಹೋದ ರೋಗಿಗೆ ಮುಂದೆ ಆಗಬಹುದಾಗಿದ್ದ ಸುಧಾರಣೆಯನ್ನು ನಾವು ಎಣಿಸುವುದಿಲ್ಲವಲ್ಲ, ಎಂಬುದು ಆ ವಾದ. ತಾನಾಗಿಯೂ ಇಳಿಮುಖವಾಗಬಲ್ಲ ಖಿನ್ನತೆಯಂಥ ತೊಂದರೆಯಲ್ಲಿ ಅದು ಕೆಲವೊಮ್ಮೆ ನಿಲ್ಲುತ್ತದೆ. ಆಲ್ಝೈಮರ್ಸ್‌ನಲ್ಲಿ ತಿರುವುಮುರುವಾಗುತ್ತದೆ. ಒಂದು ಕಲ್ಪಿತ ಲೆಕ್ಕ ನೋಡಿ: ಅಂಕ ಹೆಚ್ಚಿದಷ್ಟೂ ರೋಗ ಹೆಚ್ಚು. 24 ಅಂಕದಿಂದ ಶುರುಮಾಡಿದ ರೋಗಿ ಔಷಧದ ವಾಕರಿಕೆ ತಾಳಲಾರದೆ 8ನೇ ವಾರ ಬಿಟ್ಟರು; ಆಗ ಅಂಕ 25. ಅದೇ 25 ಕೊನೆಯ 24ನೇ ವಾರಕ್ಕೆ ಇಳಿಯುತ್ತದೆ. ಔಷಧವಿಲ್ಲದ ಗುಂಪಿನಲ್ಲಿ ಕೊನೆಯವರೆಗೂ ಉಳಿದವರು 28ಕ್ಕೆ ಏರಿದ್ದಾರೆ. ಈಗ ಔಷಧವೇ ಕಾಪಾಡಿದಂತೆ ಕಾಣುತ್ತದೆ. ಹೆಚ್ಚು ಜನರನ್ನು ಬೇಗ ಓಡಿಸಿದಷ್ಟೂ ಔಷಧಕ್ಕೆ ಲಾಭ! ಇದನ್ನು ಜಾಗರೂಕತೆ ಎನ್ನಲು ನನಗೆ ಮನಸ್ಸಿಲ್ಲ. ಇದು ರೋಗಿಗೆ ಮಾಡುವ ಅನ್ಯಾಯ.

ಇನ್ನೊಂದು ದೋಷ ಕಣ್ಣಿಗೆ ಬೀಳುವುದಿಲ್ಲ. ಊಹಿಸಿ ತುಂಬಿದ್ದನ್ನು ಅಳೆದು ಪಡೆದದ್ದೆಂದು ಲೆಕ್ಕಹಾಕುವುದರಿಂದ ಅನಿಶ್ಚಿತತೆ ಇರುವುದಕ್ಕಿಂತ ಕಡಿಮೆ ಕಾಣುತ್ತದೆ. ರೂಬಿನ್ 1987ರ ಪುಸ್ತಕದಲ್ಲಿ ವಿವರಿಸಿದ ಬಹು ಪೂರಣ ಇದಕ್ಕೆ ಉತ್ತರ: ಖಾಲಿ ಮನೆಯನ್ನು ಒಂದಲ್ಲ, ಹಲವು ಬಾರಿ ಬೇರೆಬೇರೆ ಬೆಲೆಗಳಿಂದ ತುಂಬಿ, ಪ್ರತಿಯೊಂದನ್ನೂ ವಿಶ್ಲೇಷಿಸಿ, ಫಲಿತಾಂಶಗಳ ನಡುವಿನ ಏರುಪೇರನ್ನೂ ಲೆಕ್ಕಕ್ಕೆ ಸೇರಿಸುವುದು. ಇನ್ನೊಂದು ದಾರಿ 1982ರಲ್ಲಿ ನ್ಯಾನ್ ಲೇರ್ಡ್ ಮತ್ತು ಜೇಮ್ಸ್ ವೇರ್ ತೋರಿಸಿದ ಮಾದರಿಗಳದು; ಅಲ್ಲಿ ತುಂಬುವ ಗೋಜೇ ಇಲ್ಲ, ಇರುವ ಅಳತೆಗಳೆಲ್ಲ ಹಾಗೆಯೇ ಬಳಕೆಯಾಗುತ್ತವೆ. 2004ರಲ್ಲಿ ಗೇರ್ಟ್ ಮೋಲೆನ್‌ಬರ್ಗ್ಸ್ ಮತ್ತು ಸಂಗಡಿಗರು, ಅಳತೆಗಳು ಸಂಪೂರ್ಣ ಆಕಸ್ಮಿಕವಾಗಿ ಕಾಣೆಯಾಗಿದ್ದರೂ ಎಲ್‌ಒಸಿಎಫ್ ದಾರಿ ತಪ್ಪಿಸಬಲ್ಲದೆಂದು ತೋರಿಸಿದರು. ಅಷ್ಟರ ಮೇಲೂ ರೂಢಿ ಮುರಿಯಲು ಅಧಿಕೃತ ದನಿಯೇ ಬೇಕಾಯಿತು. 2010ರಲ್ಲಿ ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿಗಾಗಿ ರೊಡೆರಿಕ್ ಲಿಟಲ್ ಅಧ್ಯಕ್ಷತೆಯ ಸಮಿತಿ, ಇಂಥ ವಿಧಾನವನ್ನು ಅದರ ಊಹೆಗಳಿಗೆ ವೈಜ್ಞಾನಿಕ ಸಮರ್ಥನೆಯಿಲ್ಲದೆ ಮುಖ್ಯ ವಿಶ್ಲೇಷಣೆಗೆ ಬಳಸಬೇಡಿ ಎಂದಿತು. 2019ರ ಅಂತರರಾಷ್ಟ್ರೀಯ ಮಾರ್ಗಸೂಚಿ ಇ9(ಆರ್1) ಪ್ರಶ್ನೆಯನ್ನೇ ಹಿಂದಕ್ಕೊಯ್ದಿತು: ರೋಗಿ ಔಷಧ ಬಿಟ್ಟರೆ ಅದನ್ನು ಹೇಗೆ ಎಣಿಸುತ್ತೀರಿ ಎಂಬುದನ್ನು ಪ್ರಯೋಗಕ್ಕೆ ಮುಂಚೆಯೇ ತೀರ್ಮಾನಿಸಿ.

ವಿಧಾನವನ್ನೇ ಕಸದ ಬುಟ್ಟಿಗೆ ಹಾಕಬೇಕಿಲ್ಲ. ಗುಂಪಿನ ಹೆಸರನ್ನು ಮೊದಲ ಸಾಲಿನಲ್ಲಷ್ಟೇ ಬರೆದು ಕೆಳಗೆ ಖಾಲಿ ಬಿಟ್ಟ ಕೋಷ್ಟಕ, ಬದಲಾದಾಗ ಮಾತ್ರ ದಾಖಲಾಗುವ ವಿಳಾಸ, ಖಾತೆಯ ಶಿಲ್ಕು, ಇವನ್ನೆಲ್ಲ ಹಾಗೆಯೇ ಇಳಿಸಬಹುದು; ಅಲ್ಲಿ ಖಾಲಿ ಎಂದರೆ ‘ಮೇಲಿನಂತೆ’ ಎಂದೇ ಅರ್ಥ. ಆದರೆ ಮಳೆಮಾಪಕ ಕೆಟ್ಟ ದಿನಕ್ಕೆ ನಿನ್ನೆಯ ಮಳೆಯನ್ನು ಬರೆಯುವಂತಿಲ್ಲ.

ಬೆಂಗಳೂರಿನಲ್ಲಿ ಕೂತು ದೂರದೇಶಗಳ ಔಷಧ ಪ್ರಯೋಗಗಳಿಗೆ ಸ್ಯಾಸ್ ಬರೆಯುವ ಕನ್ನಡಿಗರಿಗೆ ಒಂದು ಮಾತು. ಪ್ರಯೋಗಗಳ ದತ್ತಾಂಶಕ್ಕಿರುವ ‘ಸಿಡಿಸ್ಕ್’ ಮಾನದಂಡದ ವಿಶ್ಲೇಷಣಾ ಕಡತದಲ್ಲಿ ‘ಡಿಟೈಪ್’ ಎಂಬ ಅಂಕಣವಿದೆ. ತುಂಬಿ ಸೇರಿಸಿದ ಸಾಲಿಗೆ ಅಲ್ಲಿ ‘ಎಲ್‌ಒಸಿಎಫ್’ ಎಂದು ಬರೆದರೆ ಅದು ಅಳತೆಯಲ್ಲವೆಂದು ಯಾರಿಗಾದರೂ ತಿಳಿಯುತ್ತದೆ. ಅವಸರವೆಷ್ಟೇ ಇರಲಿ, ಆ ಅಂಕಣವನ್ನು ಖಾಲಿ ಬಿಡಬೇಡಿ.