ಅಮೆರಿಕದ ಜನಗಣತಿಯಲ್ಲಿ ನಮ್ಮವರು

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು ಇಂದು ಅಮೆರಿಕದ ನಿವಾಸಿಗಳು. ರಜೆಯಲ್ಲಿ ಊರಿಗೆ ಬಂದಾಗ ಅವರ ಮಕ್ಕಳು ತಾವು ಅಮೆರಿಕದವರೆಂದು ಯಾವ ಸಂಕೋಚವೂ ಇಲ್ಲದೆ ಹೇಳುತ್ತಾರೆ. ಹಾಗೆ ಹೇಳುವ ಹಕ್ಕು ನಮ್ಮವರಿಗೆ ಯಾವಾಗ, ಹೇಗೆ ದೊರೆಯಿತೆಂಬುದನ್ನು ಆ ಮಕ್ಕಳಿಗಾಗಿ ಬರೆದಿಡಬೇಕೆನಿಸಿತು. ಜನಸಂಖ್ಯೆಯ ಬೆಳವಣಿಗೆಯೆಂದರೆ ಜನನ ಮರಣಗಳ ಲೆಕ್ಕವೆಂದು ಸಾಮಾನ್ಯ ತಿಳುವಳಿಕೆ. ಅಮೆರಿಕದ ಮಟ್ಟಿಗೆ ಅಷ್ಟು ಸಾಲದು. ಅಲ್ಲಿ ಯಾರು ಒಳಬರಬಹುದು, ಬಂದವರನ್ನು ಯಾವ ಹೆಸರಿನಲ್ಲಿ ಎಣಿಸಬೇಕು ಎಂಬುದನ್ನು ಕಾನೂನೇ ನಿರ್ಧರಿಸುತ್ತ ಬಂದಿದೆ.

ಆ ದೇಶದ ಮೊದಲ ಗಣತಿ ನಡೆದುದು 1790ರಲ್ಲಿ. ಜನಸಂಖ್ಯೆ ಸುಮಾರು 39 ಲಕ್ಷ. ಅವರಲ್ಲಿ ಸುಮಾರು 7 ಲಕ್ಷ ಮಂದಿ ಗುಲಾಮರು. ಪ್ರಾತಿನಿಧ್ಯದ ಲೆಕ್ಕಕ್ಕೆ ಐವರು ಗುಲಾಮರೆಂದರೆ ಮೂವರು ಮನುಷ್ಯರು! ತೆರಿಗೆ ಕೊಡದ ಮೂಲನಿವಾಸಿಗಳು ಲೆಕ್ಕಕ್ಕೇ ಇರಲಿಲ್ಲ. ಅದೇ ವರ್ಷದ ಮತ್ತೊಂದು ಕಾನೂನು, ಹೊರಗಿನಿಂದ ಬಂದವರಲ್ಲಿ ಸ್ವತಂತ್ರ ಬಿಳಿಯರು ಮಾತ್ರ ಪೌರರಾಗಬಹುದೆಂದು ವಿಧಿಸಿತು. 1870ರಲ್ಲಿ ಆಫ್ರಿಕಾ ಮೂಲದವರಿಗೂ ಆ ಹಕ್ಕು ದೊರೆತರೂ ಏಷ್ಯದವರು ಹೊರಗೇ ಉಳಿದರು.

ಹತ್ತೊಂಬತ್ತನೆಯ ಶತಮಾನದಲ್ಲಿ ಐರಿಷರು, ಜರ್ಮನರು, ಅನಂತರ ಇಟಲಿಯವರು, ಪೂರ್ವ ಯುರೋಪಿನ ಯಹೂದ್ಯರು ಲಕ್ಷಗಟ್ಟಲೆಯಾಗಿ ಬಂದಿಳಿದರು. 1890ರ ಹೊತ್ತಿಗೆ ನೂರರಲ್ಲಿ ಸುಮಾರು 15 ಜನ ಹೊರದೇಶದಲ್ಲಿ ಹುಟ್ಟಿದವರು. ಮೊದಲೇ ಬಂದವರಿಗೆ ಆಮೇಲೆ ಬಂದವರು ಕಣ್ಣಿಗೆ ಬಿದ್ದ ಕಸವಾದರು. 1882ರಲ್ಲಿ ಚೀನೀ ಕಾರ್ಮಿಕರಿಗೂ 1917ರಲ್ಲಿ ಭಾರತವೂ ಸೇರಿದಂತೆ ಏಷ್ಯದ ಬಹುಭಾಗಕ್ಕೂ ಬಾಗಿಲು ಮುಚ್ಚಿತು. 1924ರ ಕಾನೂನಿನ ಜಾಣತನವನ್ನು ನೋಡಿ. ಗಣತಿಯಲ್ಲಿ ಕಂಡ ಪ್ರತಿ ದೇಶದವರ ಶೇಕಡ 2ರಷ್ಟು ಮಂದಿಗೆ ಮಾತ್ರ ಪ್ರತಿವರ್ಷ ಪ್ರವೇಶ. ಯಾವ ಗಣತಿ? 1920ರದು ಕೈಯಲ್ಲೇ ಇತ್ತು, ಆಯ್ದುಕೊಂಡದ್ದು 1890ರದನ್ನು. ಇಟಲಿಯವರೂ ಯಹೂದ್ಯರೂ ದೊಡ್ಡ ಸಂಖ್ಯೆಯಲ್ಲಿ ಬರುವ ಮುಂಚಿನ ಗಣತಿಯದು. ಎಣಿಕೆಯ ಪುಸ್ತಕವೇ ಬಾಗಿಲಿನ ಅಗುಳಿಯಾಯಿತು.

ಇನ್ನು ನಮ್ಮವರ ಮಾತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಪಶ್ಚಿಮ ಕರಾವಳಿಗೆ ಹೋದವರು ಬಹುತೇಕ ಪಂಜಾಬಿನ ರೈತರು, ಅವರಲ್ಲೂ ಹೆಚ್ಚಿನವರು ಸಿಖ್ಖರು. 1920, 1930, 1940ರ ಗಣತಿಗಳು ಇವರನ್ನೆಲ್ಲ 'ಹಿಂದೂ' ಎಂಬ ಜನಾಂಗವಾಗಿ ಬರೆದುಕೊಂಡವು! ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯಕ್ಕೆ ಸೇರಿದ್ದ ಭಗತ್ ಸಿಂಗ್ ಥಿಂದ್, ಆರ್ಯ ಮೂಲದವನಾದ ತಾನು ಬಿಳಿಯನೇ ಎಂದು ಪೌರತ್ವಕ್ಕಾಗಿ ಸುಪ್ರೀಂ ಕೋರ್ಟಿನವರೆಗೆ ಹೋದರು. ಮೇಲ್ಜಾತಿಯ ಹೆಮ್ಮೆಯನ್ನು ಮುಂದೊಡ್ಡಿದ ಆ ವಾದ ಅಭಿಮಾನಪಡುವಂಥದಲ್ಲವೆಂದು ನನ್ನ ಅಭಿಪ್ರಾಯ. ಅದು ಫಲಿಸಲೂ ಇಲ್ಲ. ಶಾಸ್ತ್ರ ಏನೇ ಹೇಳಲಿ, ಸಾಮಾನ್ಯ ಮನುಷ್ಯನ ಕಣ್ಣಿಗೆ ಇವರು ಬಿಳಿಯರಲ್ಲವೆಂದು 1923ರಲ್ಲಿ ತೀರ್ಪು ಬಂತು. ಅಷ್ಟೇ ಅಲ್ಲ, ಅದಾಗಲೇ ಪೌರತ್ವ ಪಡೆದಿದ್ದ ಹಲವು ಭಾರತೀಯರಿಂದ ಅದನ್ನು ಕಿತ್ತುಕೊಳ್ಳಲಾಯಿತು.

ಅವರಲ್ಲೊಬ್ಬರು ವೈಷ್ಣೋ ದಾಸ್ ಬಗಾಯಿ. 1915ರಲ್ಲಿ ಪತ್ನಿ ಕಲಾ ಹಾಗೂ ಮೂವರು ಗಂಡುಮಕ್ಕಳೊಡನೆ ಸ್ಯಾನ್ ಫ್ರಾನ್ಸಿಸ್ಕೊಗೆ ಬಂದಿಳಿದ ಸ್ಥಿತಿವಂತ ಗೃಹಸ್ಥರು. ಬರ್ಕ್ಲಿಯಲ್ಲಿ ಮನೆ ಕೊಂಡು ಸಾಮಾನು ಸಮೇತ ಹೋದರೆ, ಇವರು ಒಳಹೋಗದಂತೆ ನೆರೆಯವರು ಬಾಗಿಲುಗಳಿಗೆ ಬೀಗ ಜಡಿದಿದ್ದರು. ಥಿಂದ್ ತೀರ್ಪಿನ ಬಳಿಕ ಪೌರತ್ವ ಹೋಯಿತು. ಅದರ ಬೆನ್ನಿಗೇ ಆಸ್ತಿಯೂ ಕೈಬಿಟ್ಟಿತು. ಊರಿಗೆ ಹೋಗಿ ಬರಲು ಅಮೆರಿಕದ ಪಾಸ್‌ಪೋರ್ಟೂ ಸಿಗಲಿಲ್ಲ. ಬ್ರಿಟಿಷ್ ಆಳ್ವಿಕೆಯನ್ನು ಒಲ್ಲದೆ ಹೊರಟುಬಂದವರು ಮತ್ತೆ ಬ್ರಿಟಿಷ್ ಪ್ರಜೆಯಾಗಬೇಕಾದ ಸ್ಥಿತಿ. 1928ರಲ್ಲಿ ಅವರು ಆತ್ಮಹತ್ಯೆ ಮಾಡಿಕೊಂಡರು. ಕಲಾ ಬಗಾಯಿಯವರು ಮಕ್ಕಳನ್ನು ಅಲ್ಲಿಯೇ ಬೆಳೆಸಿ ಓದಿಸಿದರು. ಅವರನ್ನು ಒಳಗೊಳ್ಳದ ಅದೇ ಬರ್ಕ್ಲಿ ನಗರದ ಒಂದು ರಸ್ತೆಗೆ ಅವರ ಹೆಸರಿಡಲು 2020ರಲ್ಲಿ ತೀರ್ಮಾನವಾಯಿತು.

ಹೆಂಡತಿಯರನ್ನು ಕರೆತರಲಾಗದ, ಮದುವೆಗೆ ಊರಿಗೆ ಹೋದರೆ ಮರಳಲಾಗದ ಪಂಜಾಬಿ ರೈತರು ಕ್ಯಾಲಿಫೋರ್ನಿಯದಲ್ಲಿ ಮೆಕ್ಸಿಕೊ ಮೂಲದ ಹೆಣ್ಣುಮಕ್ಕಳನ್ನು ವರಿಸಿದರು. ಇಂತಹ ನೂರಾರು ಸಂಸಾರಗಳು ಬೆಳೆದವು. ತಂದೆ ಸಿಖ್, ತಾಯಿ ಕ್ಯಾಥೊಲಿಕ್, ಮನೆಮಾತು ಸ್ಪ್ಯಾನಿಷ್. ಜನಾಂಗಗಳನ್ನು ಬೇರೆಯಿಡಲೆಂದು ಮಾಡಿದ ಕಾನೂನುಗಳಿಂದಲೇ ಒಂದು ಹೊಸ ಬೆರಕೆ ಹುಟ್ಟಿತು. ಚರಿತ್ರೆ ಹೀಗೆ ಆಗಾಗ ನಗುವುದುಂಟು.

1924ರ ಕಾನೂನನ್ನು ವಿರೋಧಿಸಿದವರಲ್ಲಿ ಆಗತಾನೇ ಸಂಸತ್ತಿಗೆ ಬಂದಿದ್ದ ಇಮ್ಯಾನುಯೆಲ್ ಸೆಲ್ಲರ್ ಎಂಬ ಬ್ರೂಕ್ಲಿನ್ನಿನ ಯಹೂದಿ ವಕೀಲರಿದ್ದರು. ಸೋತರು, ಆದರೆ ಬಿಡಲಿಲ್ಲ. 1946ರಲ್ಲಿ ಭಾರತೀಯರಿಗೆ ಪೌರತ್ವದ ಹಕ್ಕನ್ನೂ ವರ್ಷಕ್ಕೆ ನೂರು ಜನರ ಪ್ರವೇಶವನ್ನೂ ಕೊಟ್ಟ ಕಾನೂನಿನಲ್ಲಿ ಅವರ ಹೆಸರಿದೆ. ಆ ಕಾನೂನಿಗಾಗಿ ದುಡಿದ ದಲೀಪ್ ಸಿಂಗ್ ಸೌಂದ್ 1949ರಲ್ಲಿ ಪೌರರಾಗಿ, 1956ರಲ್ಲಿ ಅಮೆರಿಕದ ಸಂಸತ್ತಿಗೇ ಆಯ್ಕೆಯಾದರು. ಕಡೆಗೆ 1965ರಲ್ಲಿ ರಾಷ್ಟ್ರಮೂಲದ ಮಿತಿಯನ್ನೇ ಕಿತ್ತುಹಾಕಿದ ಕಾನೂನೂ ಸೆಲ್ಲರ್ ಹೆಸರಿನದೇ. ನಲವತ್ತೊಂದು ವರ್ಷಗಳ ತಾಳ್ಮೆ!

ಇದೇನೂ ಕ್ರಾಂತಿಕಾರಿ ಕಾನೂನಲ್ಲವೆಂದು ಅಧ್ಯಕ್ಷ ಜಾನ್ಸನ್ ಸಹಿ ಹಾಕುವಾಗ ಸಮಾಧಾನ ಹೇಳಿದರು. ಬಂಧುಗಳಿಗೆ ಆದ್ಯತೆ ಕೊಟ್ಟರೆ ಯುರೋಪಿನವರ ನೆಂಟರೇ ಬರುವರೆಂದು ಹಲವರ ಎಣಿಕೆಯಾಗಿತ್ತು. ಬಂದವರು ಬೇರೆ. ನಮ್ಮ ಮೈಸೂರು, ಮಣಿಪಾಲ, ಹುಬ್ಬಳ್ಳಿಗಳಲ್ಲಿ ಓದಿದ ವೈದ್ಯರೂ ಹೋದರು, ಇಂಜಿನಿಯರುಗಳೂ ಹೋದರು. ಅಣ್ಣನ ಹಿಂದೆ ತಮ್ಮ, ಅವರ ಹಿಂದೆ ತಂದೆತಾಯಿ. 1960ರಲ್ಲಿ ಭಾರತದಲ್ಲಿ ಹುಟ್ಟಿದವರು ಅಲ್ಲಿ ಸುಮಾರು 12 ಸಾವಿರ. 1970ರ ಗಣತಿ ನಮ್ಮವರನ್ನು ಬಿಳಿಯರೊಂದಿಗೆ ಸೇರಿಸಿಬಿಟ್ಟಿತು. ಥಿಂದ್ ಬೇಡಿದ್ದು ಬೇಡದವರಿಗೆ ದೊರೆಯಿತು! ಭಾರತೀಯ ಸಂಘದವರೇ ಮನವಿ ಸಲ್ಲಿಸಿ 1980ಕ್ಕೆ 'ಏಷ್ಯನ್ ಇಂಡಿಯನ್' ಎಂಬ ಪ್ರತ್ಯೇಕ ಕಲಮು ಪಡೆದರು. ಆಗ ಮೂರೂವರೆ ಲಕ್ಷಕ್ಕೂ ಮೇಲಿದ್ದವರು 2020ರ ಗಣತಿಯಲ್ಲಿ ಸುಮಾರು 44 ಲಕ್ಷ. ಒಬ್ಬ ವ್ಯಕ್ತಿ ಒಂದಕ್ಕಿಂತ ಹೆಚ್ಚು ಜನಾಂಗಗಳಿಗೆ ಗುರುತು ಹಾಕಬಹುದೆಂಬ ಅನುಕೂಲ 2000ದಲ್ಲಿ ಬಂತು. 2020ರಲ್ಲಿ ಹಾಗೆ ಗುರುತಿಸಿಕೊಂಡವರು 3 ಕೋಟಿ 38 ಲಕ್ಷ, ಅಂದರೆ ಸುಮಾರು ಹತ್ತರಲ್ಲೊಬ್ಬರು.

ಬಾಗಿಲು ಪೂರ್ತಿ ತೆರೆದಿದೆಯೆಂದಲ್ಲ. ಗ್ರೀನ್ ಕಾರ್ಡುಗಳಲ್ಲಿ ಒಂದೇ ದೇಶದವರಿಗೆ ಸಾಮಾನ್ಯವಾಗಿ ಶೇಕಡ 7ಕ್ಕಿಂತ ಹೆಚ್ಚು ಸಲ್ಲದೆಂಬುದು 1990ರ ಕಾನೂನು. ಭಾರತಕ್ಕೂ ಅಷ್ಟೇ, ಪುಟ್ಟ ಐಸ್‌ಲೆಂಡಿಗೂ ಅಷ್ಟೇ. ಆದ್ದರಿಂದ ಉದ್ಯೋಗದ ಮೇಲೆ ಹೋದ ನಮ್ಮವರ ಸರದಿ ದಶಕಗಳಷ್ಟು ಉದ್ದವಾಗಿದೆ. ಒಂದೇ ಮನೆಯಲ್ಲಿ ಅಲ್ಲಿ ಹುಟ್ಟಿದ ತಂಗಿ ಅಮೆರಿಕದ ಪ್ರಜೆ. ಎರಡು ವರ್ಷದವನಾಗಿದ್ದಾಗ ಬೆಂಗಳೂರಿನಿಂದ ಹೋದ ಅಣ್ಣ, ಇಪ್ಪತ್ತೊಂದು ತುಂಬುವುದರೊಳಗೆ ತಂದೆಯ ಸರದಿ ಬಾರದಿದ್ದರೆ, ತನ್ನ ವೀಸಾವನ್ನು ತಾನೇ ಹುಡುಕಿಕೊಳ್ಳಬೇಕು. ನಿಮ್ಮಲ್ಲಿ ಕೆಲವರ ಮನೆಗಳಲ್ಲಿ ಈ ಲೆಕ್ಕ ನಡೆಯುತ್ತಿದೆಯೆಂದು ಬಲ್ಲೆ. ಬಿಡುವಾದಾಗ ನಾಲ್ಕು ಸಾಲು ಬರೆಯಿರಿ.