ನೊಗ ಹೊತ್ತ ಹೆಗಲು, ಹಾಡಿದ ಕೊರಳು

ನೋವು ಹಾಡಾಗುವುದು ಕನ್ನಡಕ್ಕೆ ಹೊಸತಲ್ಲ. ಬೀಸುವ ಕಲ್ಲಿನ ಮುಂದೆ ಕುಳಿತು ನಮ್ಮ ತಾಯಂದಿರು ತವರಿನ ಅಗಲಿಕೆಯನ್ನೂ ಅತ್ತೆಮನೆಯ ಬವಣೆಯನ್ನೂ ತ್ರಿಪದಿಯಲ್ಲಿ ತೋಡಿಕೊಂಡರು. ಕೇಳಿದವರ ಕಣ್ಣು ತೇವವಾಯಿತು. ನೋಯಿಸಿದವರು ಮಾತ್ರ ಆ ಹಾಡಿಗೆ ಉತ್ತರ ಹೇಳಬೇಕಾಗಿ ಬರುತ್ತಿರಲಿಲ್ಲ. ಮನೆಯ ಸಂಕಟವು ಬೀದಿಗಿಳಿದು, ಹಾಡಾಗಿ ನ್ಯಾಯ ಕೇಳಿದ ಸಂದರ್ಭವೊಂದನ್ನು ಇಲ್ಲಿ ವಾಚಕರ ಮುಂದಿಡುತ್ತೇನೆ.

ಮಾಗಡಿ ತಾಲ್ಲೂಕಿನ ಮಂಚನಬೆಲೆಯ ದಲಿತ ಕುಟುಂಬವೊಂದರಲ್ಲಿ 1954ರಲ್ಲಿ ಸಿದ್ಧಲಿಂಗಯ್ಯನವರು ಹುಟ್ಟಿದರು. ಹುಡುಗನಾಗಿದ್ದಾಗ ಒಂದು ದಿನ ಅವರು ಹೊಲದ ಕಡೆ ನೋಡುತ್ತಿದ್ದರು. ಇಬ್ಬರು ಮನುಷ್ಯರು ಎತ್ತುಗಳ ಹಾಗೆ ನೊಗ ಹೊತ್ತಿದ್ದರು. ಇನ್ನೊಬ್ಬನು ಹಿಂದಿನಿಂದ ಉಳುತ್ತಿದ್ದನು. ಹುಡುಗನಿಗೆ ಅದು ತಮಾಷೆಯಾಗಿ ಕಂಡಿತು. ನೊಗ ಹೊತ್ತವರಲ್ಲಿ ಒಬ್ಬರು ತನ್ನ ತಂದೆಯೇ ಎಂದು ತಿಳಿದಾಗ ತಮಾಷೆ ಹೋಗಿ ಸಂಕಟ ಹುಟ್ಟಿತು.

ಮುಂದೆ ಸಂಸಾರ ಬೆಂಗಳೂರಿಗೆ ಬಂದಿತು, ಹುಡುಗ ಓದಿದನು. 1973ರಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದರು. ಅದರಿಂದ ಗಲಭೆಯೆದ್ದು, ಅನೇಕ ದಲಿತ ವಿದ್ಯಾರ್ಥಿಗಳು ಪೆಟ್ಟು ತಿಂದರು. ಸಚಿವರು ಪದವಿ ಬಿಡಬೇಕಾಯಿತು. ಹಳಗನ್ನಡ ಪಾಠ ಹೇಳುವ ನನ್ನಂಥವರಿಗೆ ಆ ಮಾತು ಈಗಲೂ ಚುಚ್ಚುತ್ತದೆ. ಆದರೆ ಅದಕ್ಕೆ ತಕ್ಕ ಉತ್ತರ ಪಂಡಿತರಿಂದ ಬರಲಿಲ್ಲ. 1975ರಲ್ಲಿ ಪ್ರಕಟವಾದ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಎಂಬ ಸಣ್ಣ ಸಂಕಲನದಿಂದ ಬಂದಿತು.

ಅಲ್ಲಿ ಕೇರಿಯ ಆಡುಮಾತು ಆಡಿದಂತೆಯೇ ಪದ್ಯಕ್ಕೆ ಇಳಿದಿದೆ. ಎಲ್ಲರೂ ದೇವರ ಮಕ್ಕಳೆಂದು ಹೇಳುತ್ತಲೇ ಬಾವಿ, ಹೋಟೆಲು, ಮನೆ ಯಾವುದಕ್ಕೂ ಸೇರಿಸದವರ ಲೆಕ್ಕವನ್ನು ಅದು ಒಂದೊಂದಾಗಿ ಒಪ್ಪಿಸುತ್ತದೆ. ಮಾತು ಒರಟು, ಸಿಟ್ಟು ಸುಡುವಂಥದು. ಮೊದಲ ಸಲ ಓದಿದಾಗ ನನ್ನ ಕಿವಿಗೂ ಅದು ಹಿತವಾಗಿರಲಿಲ್ಲ. ಆದರೆ ನೊಗದ ಅಡಿಯಲ್ಲಿ ತಂದೆಯನ್ನು ಕಂಡ ಮಗನಿಂದ ಮೃದುವಾದ ಮಾತನ್ನು ನಿರೀಕ್ಷಿಸುವ ಅಧಿಕಾರ ನಮಗೆಲ್ಲಿಯದು?

ಆ ವೇಳೆಗೆ ಪ್ರೊ. ಬಿ. ಕೃಷ್ಣಪ್ಪ ಮೊದಲಾದವರ ಮುಂದಾಳುತನದಲ್ಲಿ ದಲಿತ ಸಂಘರ್ಷ ಸಮಿತಿ ರೂಪುಗೊಳ್ಳುತ್ತಿತ್ತು. ಸಿದ್ಧಲಿಂಗಯ್ಯನವರ ಪದ್ಯಗಳು ಪುಸ್ತಕವನ್ನು ಬಿಟ್ಟು ಸಭೆ, ಮೆರವಣಿಗೆ, ಜಾಥಾಗಳಿಗೆ ನಡೆದುವು. ಅಕ್ಷರ ಬಾರದವರೂ ಅವನ್ನು ಬಾಯಿಪಾಠ ಮಾಡಿದರು. ಜಾತ್ರೆಯಲ್ಲೂ ಸಾವಿನ ಮನೆಯಲ್ಲೂ ಇನ್ನೊಬ್ಬರ ಅಪ್ಪಣೆಗೆ ಬಡಿಯುತ್ತಿದ್ದ ತಮಟೆಯನ್ನು ಈಗ ಅವರೇ ತಮಗಾಗಿ ಬಡಿದರು.

ಅದೇ 1975ರ ಅಕ್ಟೋಬರಿನಲ್ಲಿ ಜೀತಪದ್ಧತಿಯನ್ನು ರದ್ದುಮಾಡುವ ಸುಗ್ರೀವಾಜ್ಞೆ ಹೊರಟು, 1976ರಲ್ಲಿ ಕಾಯಿದೆಯಾಯಿತು. ಕಾಯಿದೆಯು ಹೆಗಲಿನ ನೊಗವನ್ನು ಇಳಿಸಬಲ್ಲುದು. ಬಗ್ಗಿದ ಬೆನ್ನು ನೆಟ್ಟಗಾಗಲು ಬೇರೊಂದು ಬಲವೂ ಬೇಕು. ಆ ಬಲವನ್ನು ಕೊಟ್ಟುದರಲ್ಲಿ ಹಾಡಿನ ಪಾಲು ದೊಡ್ಡದು.

ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಹೊಲದಲ್ಲಿ ಕಂಡ ಆ ದೃಶ್ಯವನ್ನು ಸಿದ್ಧಲಿಂಗಯ್ಯನವರು ‘ಊರುಕೇರಿ’ ಎಂಬ ಆತ್ಮಕಥನದ ಆರಂಭದಲ್ಲಿಯೇ ಹೇಳಿದರು. ಅದು ಬಂದುದು 1990ರ ದಶಕದಲ್ಲಿ, ಹಾಡುಗಳು ಹುಟ್ಟಿ ಸುಮಾರು ಎರಡು ದಶಕ ಕಳೆದ ಮೇಲೆ. ಮೊದಲು ಅವರು ಕೇರಿಯವರೆಲ್ಲರ ಪರವಾಗಿ ಹಾಡಿದರು. ತಮ್ಮ ತಂದೆಯ ಮಾತನ್ನು ಬಹಳ ತಡವಾಗಿ, ಅದೂ ನಗೆಯ ಎಳೆ ಬಿಡದ ತಣ್ಣನೆಯ ಗದ್ಯದಲ್ಲಿ ಆಡಿದರು. ಒಬ್ಬ ಮಗನ ದುಃಖ ಮಾತ್ರವೇ ಆಗಿದ್ದರೆ ಜನ ಕನಿಕರಪಟ್ಟು ಮನೆಗೆ ಹೋಗುತ್ತಿದ್ದರು. ‘ನಾನು’ ಎಂಬುದು ‘ನಾವು’ ಆದುದರಿಂದ ಜನ ಜೊತೆಗೂಡಿ ಹಾಡಿದರು.

1988ರಲ್ಲಿ ಅವರು ವಿಧಾನ ಪರಿಷತ್ತಿನ ಸದಸ್ಯರಾದರು. ವಿಶ್ವವಿದ್ಯಾನಿಲಯದಲ್ಲಿ ಕನ್ನಡ ಪ್ರಾಧ್ಯಾಪಕರಾಗಿದ್ದರು. 2021ರ ಜೂನ್ 11ರಂದು ಕೋವಿಡ್ ಬೇನೆಯಿಂದ ತೀರಿಕೊಂಡರು. ಅವರ ಹಾಡುಗಳು ಇಂದಿಗೂ ಮೆರವಣಿಗೆಗಳಲ್ಲಿ ಕೇಳಿಬರುತ್ತವೆ. ಹಾಡುವ ಅನೇಕರಿಗೆ ಮಂಚನಬೆಲೆಯ ಆ ಹೊಲದ ಕಥೆ ಗೊತ್ತಿರಲಾರದು. ನೊಗ ಹೊತ್ತಿದ್ದ ಆ ತಂದೆ ಮಾತ್ರ ಪ್ರತಿ ಸಲವೂ ಅವರ ನಡುವೆ ತಲೆಯೆತ್ತಿ ನಡೆಯುತ್ತಿರುತ್ತಾನೆ.